ಎದೆಗಪ್ಪಿದ ಕುಂಬಳಕಾಯಿ

“ಗುರುಗಳೇ, ಹೊಡೆದವನು ನಾನೋ, ನನ್ನ ಕೈಯೋ?”

ಮಹಾನವಮಿ ಕಳೆದ ಮೇಲಿನ ಒಂದು ಬೆಳಗ್ಗೆ, ಕೋಟೆಯ ಬುಡದ ಗರಡಿಯೊಂದರಲ್ಲಿ, ಓಬಳೇಶನೆಂಬ ಶಿಷ್ಯನು ಗುರು ಪಾಲಯ್ಯನವರ ಎದುರು ನಿಂತು ಕೇಳಿದ ಪ್ರಶ್ನೆಯಿದು. ಅವು ಅಖಾಡದ ಹಳೆಯ ಮಣ್ಣನ್ನು ತೆಗೆದು ಹೊಸ ಕೆಮ್ಮಣ್ಣನ್ನು ಹದಗೊಳಿಸುವ ದಿನಗಳು. ಆಗ ಕುಸ್ತಿಯಿಲ್ಲ, ಸಾಮು ಇಲ್ಲ. ಶಿಷ್ಯರು ಮಣ್ಣನ್ನು ಜರಡಿ ಹಿಡಿಯುತ್ತಾರೆ. ಗುರುವು ಅದಕ್ಕೆ ಮಜ್ಜಿಗೆಯನ್ನೂ ಅರಿಸಿನವನ್ನೂ ಎಳ್ಳೆಣ್ಣೆಯನ್ನೂ ಬೆರೆಸಿ ತುಳಿಯುತ್ತಾರೆ. ಓಬಳೇಶನು ಜರಡಿಯನ್ನು ಕೆಳಗಿಟ್ಟು ಬಂದಿದ್ದನು. ಪಾಲಯ್ಯನವರು ತುಳಿಯುವುದನ್ನು ನಿಲ್ಲಿಸಲಿಲ್ಲ.

“ಯಾರನ್ನು ಹೊಡೆದೆ?” ಎಂದರು.

“ಅಪ್ಪನನ್ನು.”

ಆಗ ಅವರ ಕಾಲು ನಿಂತಿತು.

ನಡೆದದ್ದು ಇಷ್ಟೇ. ಓಬಳೇಶನು ಹಿಂದೊಮ್ಮೆ ಸಂತೆಯಲ್ಲಿ ಪುಂಡರಿಂದ ಪೆಟ್ಟು ತಿಂದು ಮನೆಗೆ ಬಂದಿದ್ದನು. ಮಗನ ಊದಿದ ಮುಖವನ್ನು ನೋಡಿದ ತಂದೆಯು ಮರುದಿನವೇ ಅವನ ಕೈಹಿಡಿದು ಗರಡಿಗೆ ತಂದು ಬಿಟ್ಟನು. ಎಮ್ಮೆಯ ಹಾಲನ್ನು ಮಾರುವುದು ಬಿಟ್ಟು ಮಗನಿಗೆ ಕುಡಿಸಿದನು. ಮಗನೂ ಮೈಗಳ್ಳನಾಗಲಿಲ್ಲ. ಬೆನ್ನ ಹಿಂದಿನಿಂದ ಬರುವ ಕೈಯನ್ನು ಕಣ್ಣು ಕಾಣುವ ಮೊದಲೇ ಹಿಡಿಯಬೇಕೆಂಬುದು ಆ ಗರಡಿಯ ಪಾಠ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಅವನು ಅದನ್ನು ಸಾಧಿಸಿದನು. ಹೆಗಲ ಮೇಲೆ ಬಿದ್ದ ಕೈ ಯಾರದೇ ಆಗಲಿ, ಆ ಕೈಯ ಒಡೆಯನು ಮುಂದಿನ ಕ್ಷಣದಲ್ಲಿ ನೆಲದ ಮೇಲಿರುತ್ತಿದ್ದನು.

ಹಬ್ಬದ ಮರುದಿನ ಅವನು ಹಿತ್ತಲಿನ ಬಾವಿಯ ಕಟ್ಟೆಯಲ್ಲಿ ಮುಖ ತೊಳೆಯುತ್ತಿದ್ದನು. ತಂದೆಯು ಏನನ್ನೋ ಹೇಳಲು ಹಿಂದಿನಿಂದ ಬಂದು ಹೆಗಲ ಮೇಲೆ ಕೈಯಿಟ್ಟನು. ಓಬಳೇಶನ ಕಣ್ಣಲ್ಲಿ ಇನ್ನೂ ನೀರಿತ್ತು. ಆ ನೀರನ್ನು ಒರೆಸಿಕೊಂಡು ನೋಡುವಾಗ ತಂದೆಯು ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ಬಿದ್ದಿದ್ದನು. ಬಲಗೈಯ ಮಣಿಕಟ್ಟು ಮುರಿದಿತ್ತು.

“ಅಪ್ಪ ಏನೆಂದ?” ಎಂದು ಗುರುಗಳು ಕೇಳಿದರು.

“ಬಿದ್ದಲ್ಲಿಂದಲೇ ನಕ್ಕ. ‘ಕುಡಿಸಿದ ಹಾಲು ದಂಡವಾಗಲಿಲ್ಲ ಬಿಡು’ ಎಂದ. ಆಮೇಲೆ ಏನೂ ಅಂದಿಲ್ಲ. ಬಯ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಜಗಲಿಯ ಮೇಲೆ ಬರಿದಲೆಯಲ್ಲಿ ಕೂತಿರುತ್ತಾನೆ. ರುಮಾಲಿಲ್ಲದೆ ಹೊಸ್ತಿಲು ದಾಟಿದವನಲ್ಲ. ಈಗ ಸಂತೆಗೂ ಹೋಗಲೊಲ್ಲ, ದೇವಸ್ಥಾನಕ್ಕೂ ಹೋಗಲೊಲ್ಲ. ನನ್ನ ಮೇಲಿನ ಸಿಟ್ಟೋ, ನಾಚಿಕೆಯೋ, ನನಗೆ ತಿಳಿಯುತ್ತಿಲ್ಲ. ಗುರುಗಳೇ, ಅಪ್ಪನನ್ನು ಹೊಡೆಯಬೇಕೆಂದು ನಾನು ಕನಸಿನಲ್ಲಿಯೂ ಎಣಿಸಿದವನಲ್ಲ. ಹಾಗಾದರೆ ಹೊಡೆದದ್ದು ಯಾರು? ಈ ಕೈಯನ್ನು ತಾವೇ ತಿದ್ದಿಕೊಡಬೇಕು. ಅದು ತಿದ್ದುವವರೆಗೆ ನಾನು ಅಪ್ಪನ ಹತ್ತಿರ ಸುಳಿಯುವುದಿಲ್ಲ. ಇಲ್ಲಿಯೇ ಗರಡಿಯಲ್ಲಿ ಮಲಗುತ್ತೇನೆ.”

ಹೀಗೆ ಹೇಳಿ ಅವನು ತನ್ನ ಬಲಗೈಯನ್ನು, ಬೇರೆ ಯಾರದೋ ವಸ್ತುವನ್ನು ಒಪ್ಪಿಸುವವನಂತೆ, ಮುಂದೆ ಚಾಚಿದನು. ಪಾಲಯ್ಯನವರು ಆ ಕೈಯನ್ನು ನೋಡಲಿಲ್ಲ. ಅಖಾಡದ ಅಂಚಿನಲ್ಲಿ ಕುಳಿತು, ಕಾಲಿಗೆ ಮೆತ್ತಿದ ಮಣ್ಣನ್ನು ಬೆರಳಿನಿಂದ ತೆಗೆಯುತ್ತ, “ಕುಳಿತುಕೋ. ಒಂದು ಕತೆ ಹೇಳುತ್ತೇನೆ” ಎಂದರು.

ಒಂದು ಊರಿನಲ್ಲಿ ಒಬ್ಬ ಜಟ್ಟಿಯಿದ್ದನು. ಅವನ ಬೆನ್ನಿಗೆ ಮಣ್ಣು ಹತ್ತಿದ್ದನ್ನು ಯಾರೂ ಕಂಡಿರಲಿಲ್ಲ. ಕುಸ್ತಿಯಲ್ಲಿ ಎರಡು ಭುಜಗಳೂ ನೆಲಕ್ಕೆ ತಾಗಿದವನು ಸೋತನೆಂಬುದು ಎಲ್ಲರೂ ಬಲ್ಲ ಮಾತು. ಆದುದರಿಂದ ಎತ್ತಿ ಒಗೆಯಲ್ಪಟ್ಟ ಜಟ್ಟಿಯು ಗಾಳಿಯಲ್ಲಿರುವಾಗಲೇ ಮೈಯನ್ನು ತಿರುಚಿ ಬೋರಲಾಗಿ ಬೀಳುತ್ತಾನೆ. ಈ ವಿದ್ಯೆಯಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಬೆಕ್ಕನ್ನು ಹೇಗೆ ಎಸೆದರೂ ಕಾಲಮೇಲೆ ಬೀಳುವಂತೆ, ಅವನನ್ನು ಹೇಗೆ ಎಸೆದರೂ ಎದೆಯ ಮೇಲೆ ಬೀಳುತ್ತಿದ್ದನು. ನಿದ್ದೆಯಲ್ಲಿಯೂ ಅಂಗಾತ ಮಲಗುತ್ತಿರಲಿಲ್ಲವೆಂದು ಅವನ ಹೆಂಡತಿ ನೆರೆಮನೆಯವರಿಗೆ ಹೇಳಿ ನಗುತ್ತಿದ್ದಳು.

ಅವನಿಗೆ ಒಬ್ಬಳು ಮಗಳು. ಗರಡಿಗೆ ಹೋಗುವಾಗ ಅವನು ಅವಳನ್ನು ಎದೆಗಪ್ಪಿಕೊಂಡು ಹೋಗುತ್ತಿದ್ದನು. ಅವಳು ಅಖಾಡದ ಮಣ್ಣನ್ನು ಚಿಟಿಕೆಯಷ್ಟು ತೆಗೆದು ತಂದೆಯ ಹಣೆಗೆ ಹಚ್ಚಿದ ಮೇಲೆಯೇ ಅವನ ಸಾಮು ಮೊದಲಾಗುತ್ತಿತ್ತು.

ಒಂದು ದಿನ ಅವನು ಹೀಗೆಯೇ ಮಗಳನ್ನು ಎತ್ತಿಕೊಂಡು ಕೆರೆಯ ಮೆಟ್ಟಿಲಿಳಿಯುತ್ತಿದ್ದನು. ನೀರು ಹೊತ್ತವರ ಕೊಡಗಳು ತುಳುಕಿ ಕಲ್ಲು ಪಾಚಿಗಟ್ಟಿತ್ತು. ಅವನ ಕಾಲು ಮುಂದಕ್ಕೆ ಜಾರಿತು. ಮೈ ಹಿಂದಕ್ಕೆ ವಾಲಿತು. ಒಬ್ಬ ಒಕ್ಕಲಿಗನಾಗಿದ್ದರೆ, ಒಬ್ಬ ವ್ಯಾಪಾರಿಯಾಗಿದ್ದರೆ, ದೊಪ್ಪನೆ ಬೆನ್ನ ಮೇಲೆ ಬೀಳುತ್ತಿದ್ದನು. ಆಗ ಮಗು ಅವನ ಎದೆಯ ಮೇಲೆ ಕುಳಿತು ನಗುತ್ತಿರುತ್ತಿತ್ತು. ಇವನು ಜಟ್ಟಿ. ಇವನ ಮೈ ಗಾಳಿಯಲ್ಲಿಯೇ ತಿರುಗಿತು. ಬೆನ್ನಿಗೆ ಮಣ್ಣು ಹತ್ತಲಿಲ್ಲ. ಮಗು ಅಡಿಯಲ್ಲಿತ್ತು.

ಅವನ ಮೊಣಕೈಗಳು ಮೊದಲು ಕಲ್ಲಿಗೆ ತಾಗಿದ್ದರಿಂದ ಅವಳ ಪ್ರಾಣ ಉಳಿಯಿತು. ಬಲತೋಳು ಮುರಿಯಿತು. ಮೂಳೆ ಕಟ್ಟುವವನು ಬಿದಿರಿನ ದಬ್ಬೆಯಿಟ್ಟು ಕಟ್ಟಿದನು. ಮೂಳೆ ಕೂಡಿತು, ಆದರೆ ತೋಳು ಸ್ವಲ್ಪ ಸೊಟ್ಟಗೆ ಕೂಡಿತು.

ಕಟ್ಟು ಬಿಚ್ಚಿದ ದಿನ ಮಗಳು ಬಾಗಿಲಲ್ಲಿ ನಿಂತು, ನೆಟ್ಟಗಿದ್ದ ಎಡಗೈಯನ್ನು ಚಾಚಿ, “ಅಪ್ಪಾ, ಎತ್ತಿಕೋ” ಎಂದಳು.

ಜಟ್ಟಿಯು ಎರಡು ಹೆಜ್ಜೆ ಹಿಂದಕ್ಕೆ ಸರಿದನು. “ಬೇಡ ತಾಯಿ. ಈ ಮೈಯನ್ನು ನಾನು ನಂಬಲಾರೆ. ಇದನ್ನು ತಿದ್ದಿಕೊಂಡು ಬರುತ್ತೇನೆ. ಆಮೇಲೆ ಎತ್ತಿಕೊಳ್ಳುತ್ತೇನೆ” ಎಂದು ಹೇಳಿ ತನ್ನ ಉಸ್ತಾದನ ಬಳಿಗೆ ಹೋದನು.

“ಉಸ್ತಾದರೇ, ಬಿದ್ದವನು ನಾನೋ, ನನ್ನ ಮೈಯೋ?”

ಕತೆ ಇಲ್ಲಿಗೆ ಬರುವಾಗ ಓಬಳೇಶನು ಕತ್ತೆತ್ತಿ ನೋಡಿದನು. ತನ್ನ ಮಾತು ಆ ಜಟ್ಟಿಯ ಬಾಯಿಗೆ ಹೇಗೆ ಹೋಯಿತೆಂದು ಅವನಿಗೆ ತಿಳಿಯಲಿಲ್ಲ. ಗುರುಗಳ ಮುಖದಲ್ಲಿ ನಗೆಯೂ ಇರಲಿಲ್ಲ, ಕೋಪವೂ ಇರಲಿಲ್ಲ. ಅವರು ಮುಂದುವರಿಸಿದರು.

ಉಸ್ತಾದನು ಮುದುಕ. ಶಿಷ್ಯನನ್ನು ನೋಡಿ, “ನಿನ್ನ ಮೈ ತಪ್ಪು ಮಾಡಲಿಲ್ಲವಯ್ಯಾ. ಹೇಳಿಕೊಟ್ಟದ್ದನ್ನು ಮಾಡಿತು. ಮನೆಗೆ ಹೋಗು, ಮಗುವನ್ನು ಎತ್ತಿಕೋ” ಎಂದನು.

“ಇನ್ನೊಮ್ಮೆ ಜಾರಿದರೆ?”

“ಜಾರದಂತೆ ನಡೆ.”

ಜಟ್ಟಿಗೆ ಈ ಉತ್ತರ ಹಿಡಿಸಲಿಲ್ಲ. ಇಷ್ಟು ದೊಡ್ಡ ನೋವಿಗೆ ಇಷ್ಟು ಸಣ್ಣ ಮದ್ದು ಇರಲಾರದೆಂದು ಅವನಿಗೆ ತೋರಿತು. ಅವನು ಕಾಲು ಹಿಡಿದನು, ಅತ್ತನು, ಬೆನ್ನ ಮೇಲೆ ಬೀಳುವುದನ್ನು ಕಲಿಸದೆ ಹೋದರೆ ಅನ್ನ ಮುಟ್ಟುವುದಿಲ್ಲವೆಂದನು. ಉಸ್ತಾದನು ನಿಟ್ಟುಸಿರಿಟ್ಟು, “ಕಲಿಸುವುದನ್ನು ಬಲ್ಲೆ, ಮರೆಸುವುದನ್ನು ಅರಿಯೆ. ನಿನ್ನ ಹಠವಿದ್ದರೆ ಹೀಗೆ ಮಾಡು. ಒಂದು ಬೂದುಗುಂಬಳವನ್ನು ಎದೆಗಪ್ಪಿಕೊಂಡು ಅಖಾಡಕ್ಕಿಳಿ. ಹುಡುಗರು ನಿನ್ನನ್ನು ಎತ್ತಿ ಒಗೆಯಲಿ. ಕಾಯಿ ಒಡೆಯದೆ ಉಳಿದ ದಿನ ಮೈ ತಿದ್ದಿತೆಂದು ತಿಳಿ” ಎಂದನು.

ಮರುದಿನದಿಂದ ಅದೇ ನಡೆಯಿತು. ಕಿರಿಯ ಪೈಲ್ವಾನರು ಅವನನ್ನು ಎತ್ತಿ ಒಗೆದರು. ಅವನ ಮೈ ಹಳೆಯ ಪಾಠವನ್ನು ಬಿಡಲಿಲ್ಲ. ಗಾಳಿಯಲ್ಲಿ ತಿರುಗಿ ಕಾಯಿಯ ಮೇಲೆಯೇ ಬಿದ್ದಿತು. ದಿನವೂ ಒಂದು ಕಾಯಿ ಒಡೆಯಿತು. ಒಡೆದ ಕಾಯನ್ನು ಎಸೆಯುವುದು ಪಾಪವೆಂದು ಗರಡಿಯ ಅಡುಗೆಯವನು ಅದನ್ನು ಹುಳಿಗೆ ಹಾಕಿದನು. ಕಡೆಗೆ ಹುಡುಗರು ಕೈಮುಗಿದರು.

“ಅಣ್ಣಾ, ನಾಳೆ ಬದನೆಕಾಯಿ ಅಪ್ಪಿಕೊಂಡು ಬಾ. ಕುಂಬಳಕಾಯಿ ತಿಂದೂ ತಿಂದೂ ನಾಲಗೆ ಸತ್ತುಹೋಯಿತು.”

“ಬದನೆ ಯಾತಕ್ಕೋ? ಅಣ್ಣನ ಕೈಯಲ್ಲಿ ಒಂದು ಕೋಳಿ ಕೊಟ್ಟು ನೋಡೋಣ!”

ಓಬಳೇಶನಿಗೆ ನಗು ಬಂದಿತು. ನಕ್ಕ ಮರುಕ್ಷಣವೇ ಅವನಿಗೆ ಬಾವಿಯ ಕಟ್ಟೆಯೂ ತಂದೆಯ ನಗುವೂ ನೆನಪಾಗಿ, ನಗಬಹುದೋ ಬಾರದೋ ತಿಳಿಯದೆ ಬಾಯಿ ಮುಚ್ಚಿಕೊಂಡನು.

ಊರಿನವರು ನಕ್ಕರು, ಜಟ್ಟಿಯು ನಗಲಿಲ್ಲ. ಇಷ್ಟು ಕಾಯಿ ಕೊಂಡು ತರುವುದು ಕಷ್ಟವಾದಾಗ ಹೆಂಡತಿಯು ಹಿತ್ತಲಿನಲ್ಲಿ ಬೀಜ ಹಾಕಿದಳು. ಮಗಳು ಬಳ್ಳಿಗೆ ನೀರೆರೆದಳು. ಬಳ್ಳಿ ಮಾಡಿನ ಮೇಲೆ ಹಬ್ಬಿ ಕಾಯಿ ಬಿಟ್ಟಿತು. ಪ್ರತಿ ಬೆಳಗ್ಗೆ ಮಗಳು ಒಂದು ಕಾಯನ್ನು ಸೊಂಟದ ಮೇಲೆ ಕೂರಿಸಿಕೊಂಡು, ಸೊಟ್ಟ ತೋಳಿನಿಂದ ಆತುಕೊಂಡು, ಬಾಗಿಲಿಗೆ ತರುತ್ತಿದ್ದಳು. ತಂದೆಯು ಅದನ್ನು ಅವಳ ಕೈಯಿಂದ ತೆಗೆದು ಎದೆಗಪ್ಪಿಕೊಂಡು ಹೋಗುತ್ತಿದ್ದನು. ಮೊದಮೊದಲು ಅವಳು ಕಾಯಿ ಕೊಟ್ಟ ಮೇಲೆ ಎಡಗೈಯನ್ನು ಚಾಚುತ್ತಿದ್ದಳು. “ಇನ್ನು ಸ್ವಲ್ಪ ದಿನ ತಾಯಿ” ಎಂದು ಅವನು ಹೇಳುತ್ತಿದ್ದನು. ಆಮೇಲೆ ಅವಳು ಚಾಚುವುದನ್ನು ಬಿಟ್ಟಳು. ಅವನು ಅದನ್ನು ಗಮನಿಸಲಿಲ್ಲ.

“ಕಾಯಿಗಿರುವ ಪುಣ್ಯ ಕೂಸಿಗಿಲ್ಲ” ಎಂದು ಹೆಂಡತಿ ಒಲೆಯ ಮುಂದೆ ಕುಳಿತು ಅಂದಳು. ಅದನ್ನೂ ಅವನು ಕೇಳಿಸಿಕೊಳ್ಳಲಿಲ್ಲ.

ಒಮ್ಮೆ ಉಸ್ತಾದನು, “ಮಗು ಹೇಗಿದೆ?” ಎಂದು ಕೇಳಿದನು.

“ಇಂದು ಒಡೆಯಲಿಲ್ಲ ಉಸ್ತಾದರೇ, ಸೀಳು ಬಿಟ್ಟಿತು ಅಷ್ಟೇ” ಎಂದು ಜಟ್ಟಿಯು ಸಂತೋಷದಿಂದ ಹೇಳಿದನು.

ಉಸ್ತಾದನು ಮತ್ತೆ ಕೇಳಲಿಲ್ಲ. ಕೆಲವು ಕಾಲದ ಮೇಲೆ ಆ ಮುದುಕನು ತೀರಿಕೊಂಡನು.

ಕುಂಬಳದ ಬಳ್ಳಿ ಎಷ್ಟೋ ಸಲ ಹಬ್ಬಿತು, ಎಷ್ಟೋ ಸಲ ಒಣಗಿತು. ಕಡೆಗೆ ಕಾಯಿ ಒಡೆಯುವುದು ನಿಂತಿತು. ಹೇಗೆ ಒಗೆದರೂ ಅವನು ಅಂಗಾತ ಬಿದ್ದು, ಎರಡು ಕೈಗಳಿಂದ ಕಾಯನ್ನು ಎದೆಗೊತ್ತಿಕೊಂಡು ಮಲಗಿರುತ್ತಿದ್ದನು. ಬೆನ್ನೆಲ್ಲ ಕೆಂಪು ಮಣ್ಣು, ಎದೆಯೆಲ್ಲ ಕಾಯಿಯ ಬಿಳಿಯ ಬೂದಿ. ಆದರೂ ಅವನಿಗೆ ನಂಬಿಕೆ ಬರಲಿಲ್ಲ. ಕಾಯಿ ಎದೆಯ ಮೇಲಿದೆಯೆಂದು ತಿಳಿದೇ ಬೀಳುತ್ತೇನಲ್ಲ. ತಿಳಿಯದೆ ಬಿದ್ದಾಗ ಮೈ ಏನು ಮಾಡುವುದೋ ಯಾರು ಬಲ್ಲರು ಎಂದುಕೊಂಡನು.

ಅಷ್ಟರಲ್ಲಿ ನೆರೆಯ ಸೀಮೆಯಿಂದ ಒಬ್ಬ ಜಟ್ಟಿ ಬಂದು ಊರ ನಾಯಕನ ಮುಂದೆ ತೊಡೆ ತಟ್ಟಿದನು. ಅವನಿಗೆ ಎದುರಾಗಿ ನಿಲ್ಲುವವರು ಊರಿನಲ್ಲಿ ಬೇರೆ ಇರಲಿಲ್ಲ. ಹಿರಿಯರು ಜಟ್ಟಿಯ ಮನೆಗೆ ಬಂದು, “ಊರಿನ ಮಾನ ನಿನ್ನ ಬೆನ್ನ ಮೇಲಿದೆ. ಕಾಳಗದಲ್ಲಿ ಅದಕ್ಕೆ ಎಂದೂ ಮಣ್ಣು ಹತ್ತಿಲ್ಲ” ಎಂದರು. ಇವನು ಒಪ್ಪಿದನು.

ಕಾಳಗ ಮೊದಲಾಯಿತು. ಬಂದವನು ಕಸುವಿನಲ್ಲಿ ಕಡಿಮೆ, ಪಟ್ಟಿನಲ್ಲಿಯೂ ಕಡಿಮೆ. ಇವನೇ ಗೆಲ್ಲುವನೆಂದು ನೋಡುವವರೆಲ್ಲ ನಿಶ್ಚಯಿಸಿದರು. ಆ ಹೊತ್ತಿನಲ್ಲಿ ಬಂದವನು ಇವನ ಸೊಂಟ ಹಿಡಿದು ಹೇಗೋ ಎತ್ತಿದನು. ಅದು ಹೇಳಿಕೊಳ್ಳುವಂಥ ಪಟ್ಟೂ ಅಲ್ಲ; ಎಳೆಯ ಪೈಲ್ವಾನನೂ ತಿರುಗಿ ತಪ್ಪಿಸಿಕೊಳ್ಳಬಹುದಾದದ್ದು. ಜಟ್ಟಿಯ ಮೈ ತಿರುಗಲಿಲ್ಲ. ನೆಟ್ಟಗೆ ಬೆನ್ನ ಮೇಲೆ ಬಿದ್ದಿತು. ಎರಡು ಕೈಗಳೂ ಬಂದು ಎದೆಯ ಮೇಲೆ ಕೂಡಿಕೊಂಡವು. ಅಲ್ಲಿ ಏನೂ ಇರಲಿಲ್ಲ.

ಯಾರೋ ಒಬ್ಬನು, “ಎಲ್ಲಿ ನಿನ್ನ ಕುಂಬಳಕಾಯಿ?” ಎಂದು ಕೂಗಿದನು. ಕಣವೆಲ್ಲ ನಕ್ಕಿತು. ನಾಯಕನು ಎದ್ದು ಹೋದನು. ಹಿರಿಯರು ತಲೆ ತಗ್ಗಿಸಿದರು.

ಜಟ್ಟಿಯು ಮಣ್ಣಿನ ಮೇಲೆ ಮಲಗಿ ಆಕಾಶವನ್ನು ನೋಡುತ್ತಿದ್ದನು. ಗರಡಿಯಲ್ಲಿ ಅಂಗಾತ ಬಿದ್ದಾಗ ಕಂಡದ್ದು ಮಾಡು ಮಾತ್ರ; ಕುಸ್ತಿಯ ಕಣದಿಂದ ಆಕಾಶ ಕಾಣುವುದೆಂಬುದು ಅವನಿಗೆ ಅಂದಿನವರೆಗೆ ಗೊತ್ತಿರಲಿಲ್ಲ. ಅವಮಾನದಿಂದ ಎದೆ ಸುಡುತ್ತಿತ್ತು. ಅದೇ ಎದೆಯಲ್ಲಿ ಹಿಗ್ಗೂ ಉಕ್ಕುತ್ತಿತ್ತು. ಅಂದು ಮಗು ಇದೆಯೆಂದು ಮೈ ನೋಡಲಿಲ್ಲ. ಇಂದು ಮಗು ಇಲ್ಲವೆಂದೂ ನೋಡಲಿಲ್ಲ. ಹಾಗಾದರೆ ಮೈ ತಿದ್ದಿತೋ, ಕೆಟ್ಟಿತೋ? ತಾನು ಅಳಬೇಕೋ, ನಗಬೇಕೋ? ಅವನು ಅದನ್ನು ಕೇಳಲು ಉಸ್ತಾದನು ಬದುಕಿರಲಿಲ್ಲ. ಅವನು ಎದ್ದನು. ಬೆನ್ನಿನ ಮಣ್ಣನ್ನು ಒರೆಸಿಕೊಳ್ಳಲಿಲ್ಲ. ಯಾರಿಗೂ ಹೇಳದೆ ಮನೆಯ ಕಡೆಗೆ ಓಡಿದನು.

ಮಗಳು ಅಂಗಳದಲ್ಲಿ ಭತ್ತ ಕೇರುತ್ತಿದ್ದಳು. ಅವಳ ತಲೆ ಈಗ ತಂದೆಯ ಹೆಗಲಿಗೆ ಬರುತ್ತಿತ್ತು. ಅವಳಿಗೆ ಗಂಡು ನಿಶ್ಚಯವಾಗಿತ್ತು; ಆ ಮಾತುಕತೆಯ ದಿನವೂ ಅವನು ಗರಡಿಯಿಂದ ತಡವಾಗಿ ಬಂದಿದ್ದನು. ಜಟ್ಟಿಯು ಅವಳ ಮುಂದೆ ನಿಂತು, ಏದುಸಿರು ಬಿಡುತ್ತ, ಎರಡು ಕೈಗಳನ್ನೂ ಚಾಚಿದನು.

“ಬಾ ತಾಯಿ. ಆಯಿತು. ಇನ್ನು ಭಯವಿಲ್ಲ” ಎಂದನು.

ಅವಳು ಮೊರವನ್ನು ಕೆಳಗಿಟ್ಟು ತಿರುಗಿ ತನ್ನ ಹಿಂದೆ ನೋಡಿದಳು. ಯಾವ ಮಗುವನ್ನು ಕರೆಯುತ್ತಿದ್ದಾನೆಂದು ಅವಳಿಗೆ ತಿಳಿಯಲಿಲ್ಲ. ಹಿಂದೆ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತು ಅವಳು ತಂದೆಯ ಚಾಚಿದ ಕೈಗಳನ್ನು ನೋಡಿದಳು. ಆಮೇಲೆ ತಿಳಿದವಳಂತೆ ತಲೆಯಾಡಿಸಿ ಒಳಗೆ ಹೋದಳು. ಅಟ್ಟದ ಮೇಲಿನಿಂದ ಒಂದು ಕುಂಬಳಕಾಯನ್ನು ಇಳಿಸಿ, ಸೆರಗಿನಿಂದ ಧೂಳು ಒರೆಸಿ, ತಂದು ಅವನ ಕೈಗಳಲ್ಲಿ ಇಟ್ಟಳು.

“ತಗೋ ಅಪ್ಪಾ” ಎಂದಳು.

ಪಾಲಯ್ಯನವರು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಓಬಳೇಶನು ಮುಂದಿನ ಮಾತಿಗಾಗಿ ಕಾದನು. ಗುರುಗಳು ಹೇಳುವಂತೆ ತೋರಲಿಲ್ಲ. ಅವನ ಮನಸ್ಸು ಜಟ್ಟಿಯು ಬಿದ್ದ ಎರಡು ಸಲಗಳ ನಡುವೆ ತೂಗಾಡಿತು. ಮೊದಲನೆಯದು ತಪ್ಪೆಂದರೆ, ಅದು ಕಲಿತ ವಿದ್ಯೆ. ಎರಡನೆಯದು ತಪ್ಪೆಂದರೆ, ಅದು ಪಶ್ಚಾತ್ತಾಪ. ಮೈಯನ್ನು ನಂಬಿದರೂ ಕೇಡು, ತಿದ್ದಿದರೂ ಕೇಡು ಎಂದಾದರೆ ತಾನು ಮಾಡಬೇಕಾದದ್ದೇನು? ಅವನಿಗೆ ದಾರಿ ಕಾಣಲಿಲ್ಲ. ತನ್ನ ಬಲಗೈಯನ್ನು ಮತ್ತೆ ತಿರುಗಿಸಿ ತಿರುಗಿಸಿ ನೋಡಿಕೊಂಡನು.

“ಗುರುಗಳೇ, ನನಗೆ ಬಿಡಿಸಿ ಹೇಳಬೇಕು” ಎಂದನು. “ಜಟ್ಟಿಯು ಮೊದಲು ಬಿದ್ದದ್ದು ತಪ್ಪೋ, ಕೊನೆಗೆ ಬಿದ್ದದ್ದು ತಪ್ಪೋ? ಅವನ ಮೈ ಅವನದಲ್ಲವಾದರೆ ಯಾರದು? ಅಪ್ಪನನ್ನು ಒಗೆದ ಈ ಕೈ ಯಾರದು?”

ಪಾಲಯ್ಯನವರು ಎದ್ದು ಮತ್ತೆ ಮಣ್ಣಿಗಿಳಿದರು. ತುಳಿಯಲು ಕಾಲೆತ್ತಿದವರು ಹಾಗೆಯೇ ನಿಂತು ಹೇಳಿದರು:

“ಒಗೆದ ಕೈ ಯಾರದೆಂದು ಬೆಳಗಿನಿಂದ ಕೇಳುತ್ತಿದ್ದೀಯೆ, ಒಂದೇ ಕೈಯಲ್ಲಿ ರುಮಾಲು ಸುತ್ತಿಕೊಳ್ಳಲು ಆಗುತ್ತದೆಯೇ ಎಂದು ನಿಮ್ಮಪ್ಪನನ್ನು ಕೇಳಿದೆಯಾ?”

ಓಬಳೇಶನು ಬಲಗೈಯನ್ನು ಕೆಳಗಿಳಿಸಿ ಎದ್ದನು.

ಆ ದಿನ ಅವನು ಗರಡಿಯಲ್ಲಿ ಮಲಗಲಿಲ್ಲ. ಮನೆಗೆ ಹೋಗಿ, ಜಗಲಿಯ ಮೇಲಿದ್ದ ತಂದೆಯ ಎದುರಿಗೆ ಬಂದು ಕುಳಿತು, ರುಮಾಲನ್ನು ಬಿಡಿಸಿ ಅವನ ತಲೆಗೆ ಸುತ್ತಿದನು. ಸುತ್ತು ಸರಿಯಾಗಲಿಲ್ಲ, ತಂದೆಯು ಹೇಳಿಕೊಟ್ಟ ಮೇಲೆ ಸರಿಯಾಯಿತು. ಸಂಜೆ ಇಬ್ಬರೂ ಸಂತೆಗೆ ಹೋದರು. ಮೂಳೆ ಕೂಡುವವರೆಗೆ ಪ್ರತಿದಿನವೂ ರುಮಾಲು ಸುತ್ತಿದವನು ಓಬಳೇಶನೇ. ಆಮೇಲೆ ಅವನು ಗರಡಿಗೆ ಬಂದನು. ಆ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ.